ಸ್ಟಾಫ್ ರೂಮಿನ ಪುಸ್ತಕದ ಪೆಟ್ಟಿಗೆ

ಜುಲೈ 15, ಸೋಮವಾರ

ಮತ್ತೆ ಅದೇ. ನನ್ನ ಪುಸ್ತಕದ ಪೆಟ್ಟಿಗೆಯ ಮೇಲೆ, ಯಂಗೋನ ಬೇರು ಅರೆದು ಕುಡಿಯುವ ಗ್ರಾಗ್‌ನ ಬಟ್ಟಲು. ಪಕ್ಕದಲ್ಲಿ ಅರ್ಧ ತಿಂದ ಮರಗೆಣಸು. ಶಾಲೆಯ ಲೈಬ್ರರಿ ನನ್ನ ಜವಾಬ್ದಾರಿ; ಟೀಚರುಗಳು ಖುಷಿಗೆ ಓದಲಿ ಎಂದು ಅಲ್ಲಿಂದ ಪತ್ತೇದಾರಿ, ಪ್ರೇಮಕಥೆ, ರಗ್ಬಿ ಆಟಗಾರರ ಕಥೆ — ಎಲ್ಲ ಇಟ್ಟಿದ್ದೇನೆ. ಒಂದೂ ಅಲುಗಿಲ್ಲ. ಕೋಣನ ಮುಂದೆ ಕಿನ್ನರಿ.

ಊಟದ ನಂತರ ಇಪ್ಪತ್ತು ನಿಮಿಷ ಮಕ್ಕಳ ಓದಿನ ಪೀರಿಯಡ್. ಮಕ್ಕಳ ಕೈಯಲ್ಲಿ ಪುಸ್ತಕ, ಟೀಚರುಗಳ ಕೈಯಲ್ಲಿ ಕೆಂಪು ಪೆನ್ನು. ನಮ್ಮ ಎಚ್‌.ಟಿ., ಹೆಡ್ ಟೀಚರ್ ವಿಲಿಸೋನಿ, ಇವತ್ತು ಕರೆದರು.

"ಸುರುಜ್ ಮೇಡಂ, ದೊಡ್ಡೋರೇ ಓದಲ್ಲ, ಇನ್ನು ಮಕ್ಕಳು ಓದ್ತಾವಾ? ಮುಂದಿನ ವಾರದ ಶುಕ್ರವಾರದೊಳಗೆ ಒಬ್ಬ ಟೀಚರಾದ್ರೂ ಓದೋದು ನನ್ ಕಣ್ಣಿಗೆ ಬೀಳ್ಬೇಕು. ಇಲ್ಲಾಂದ್ರೆ ಆ ಪೀರಿಯಡ್ ಪರೀಕ್ಷೆ ಪ್ರಾಕ್ಟೀಸ್‌ಗೆ."

ಎರಡನೇ ಕ್ಲಾಸಿನ ಎಷ್ಟೋ ಮಕ್ಕಳ ಮನೆಯಲ್ಲಿ ಒಂದು ಪುಸ್ತಕವೂ ಇಲ್ಲ. ಅವರ ಪಾಲಿಗೆ ಇರುವುದೇ ಆ ಇಪ್ಪತ್ತು ನಿಮಿಷ. ಅದೂ ಹೋದರೆ?

ಜುಲೈ 17

ನೋಟಿಸ್ ಅಂಟಿಸಿದೆ — ಪುಸ್ತಕ ಹೊರಗೆ ಒಯ್ಯಬಾರದು, ಇಲ್ಲೇ ಮೌನವಾಗಿ ಓದಿ.

ನಾಲ್ಕನೇ ಕ್ಲಾಸಿನ ರೊಶ್ನಿ ಮೇಡಂ ಓದಿ, "ನಮಗೇನು ಡಿಟೆನ್ಷನ್ನಾ ಮೇಡಂ?" ಎಂದಳು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಸೆವನಾಯಾ ಮಾಸ್ಟರ್. ಆ ಮನುಷ್ಯನಿಗೆ ನಗುವುದೊಂದೇ ಗೊತ್ತು.

ಜುಲೈ 24

ಪತ್ತೇದಾರಿ ಪುಸ್ತಕ ಮಾಯ! ವಿಚಾರಿಸಿದೆ. ಸೆವನಾಯಾ ಮಾಸ್ಟರ್ ತಲೆ ಕೆರೆದುಕೊಂಡರು.

"ನಾನೇ ಮೇಡಂ. ನಮ್ಮತ್ತೆ ಕೆರೆಕೆರೆ ಅಂದ್ರು."

"ಅಂದ್ರೆ ಕೊಟ್ಟೇಬಿಡೋದಾ?"

"ಬಾಯಿಬಿಟ್ಟು ಕೆರೆಕೆರೆ ಅಂತ ಕೇಳಿದ್ಮೇಲೆ ಇಲ್ಲ ಅನ್ನೋಕಾಗುತ್ತಾ? ನೀವೇ ಹೇಳಿ."

ಫಿಜಿಯಲ್ಲೇ ಹುಟ್ಟಿ ಬೆಳೆದವಳು, ನನಗೇ ಪಾಠ: ನಮ್ಮವರು ಕೆರೆಕೆರೆ ಎಂದು ಬೇಡಿದ್ದನ್ನು ಕೊಟ್ಟೇಬಿಡಬೇಕಂತೆ. ನನ್ನ ಕೊಡೆ, ಇಸ್ತ್ರಿಪೆಟ್ಟಿಗೆ, ಮದುವೆಗೆ ಕೊಂಡ ಚಪ್ಪಲಿ — ಎಲ್ಲವೂ ಹೀಗೇ ಯಾರ್‍ಯಾರದೋ ಮನೆ ಸೇರಿವೆ. ಆದರೆ ಲೈಬ್ರರಿ ಪುಸ್ತಕ? ಸಿಟ್ಟು ನೆತ್ತಿಗೇರಿತು. "ನಾಳೆ ಮೇಜಿನ ಮೇಲಿರ್ಬೇಕು!" ಎಲ್ಲರ ಎದುರಿಗೇ ಕೂಗಿದೆ. ಈ ಸಲ ಅವರು ನಗಲಿಲ್ಲ.

ಜುಲೈ 25, ಸಂಜೆ

ಪುಸ್ತಕ ಬಂತು. ಬಸ್ಸು ಹಿಡಿದು ಅತ್ತೆಯ ಊರಿಗೆ ಹೋಗಿ ತಂದರಂತೆ. ಹಾಳೆಗಳ ಮೇಲೆ ಎಣ್ಣೆಯ ಕಲೆ. ಕೊನೆಗೆ ಸ್ವಲ್ಪ ಮೊದಲು, ಗುರುತಿಗೆ ಒಂದು ಒಣ ಎಲೆ. ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಜುಲೈ 26, ಶುಕ್ರವಾರ

ಇವತ್ತಿನದನ್ನು ಬರೆಯಲೇಬೇಕು.

ಊಟದ ಹೊತ್ತಿಗೆ ಎಚ್‌.ಟಿ. ಬಂದರು. ಎಲ್ಲರೂ ಹರಟೆಯಲ್ಲಿ. ಒಬ್ಬರ ಕೈಯಲ್ಲೂ ಪುಸ್ತಕವಿಲ್ಲ. "ಸೋಮವಾರದಿಂದ ಪ್ರಾಕ್ಟೀಸ್" ಎಂದುಬಿಟ್ಟರು. ಮುಗಿಯಿತು ಎಂದುಕೊಂಡೆ.

ಅಷ್ಟರಲ್ಲಿ ಬಾಗಿಲಲ್ಲಿ ಹೆಂಗಸರ ದಂಡು. ಮುಂದೆ ಊರೆಲ್ಲ ಬೂಬೂ, ಅಂದರೆ ಅಜ್ಜಿ, ಎಂದು ಕರೆಯುವ ಮಕೆಲೆಸಿ, ಸೆವನಾಯಾ ಮಾಸ್ಟರ ಅತ್ತೆ. ಚಾಪೆಯ ಮೇಲೆ ಕೂತು ಯಂಗೋನ ಬೇರಿನ ಕಟ್ಟನ್ನು ಎಚ್‌.ಟಿ. ಮುಂದಿಟ್ಟರು. ಶಾಲೆಯ ಮೈದಾನ ಕೇಳಲು ಬಂದಿರಬೇಕೆಂದು ಎಚ್‌.ಟಿ. ಪದ್ಧತಿಯಂತೆ ಚಪ್ಪಾಳೆ ತಟ್ಟಿ ತೆಗೆದುಕೊಂಡರು. ತೆಗೆದುಕೊಂಡ ಮೇಲೆ ಕೇಳಿದ್ದನ್ನು ಕೊಡಲೇಬೇಕು.

"ನಮ್ ಕಥೆ ವಾಪಸ್ ಕೊಡಿ" ಎಂದರು ಬೂಬೂ. "ದಿನಾ ಸಂಜೆ ಅಳಿಯ ಬಸ್ಸಲ್ಲಿ ಬಂದು ಓದ್ತಿದ್ದ, ಊರೆಲ್ಲ ಕೂತು ಕೇಳ್ತಿತ್ತು. ಕೊಲೆ ಮಾಡ್ದೋನು ಯಾರು ಅಂತ ಇನ್ನೇನು ಗೊತ್ತಾಗ್ಬೇಕು, ಯಾವಳೋ ಮೇಡಂ ಕಿತ್ಕೊಂಡ್ಳಂತೆ. ಕೈಗೆ ಬಂದ ತುತ್ತು!"

ಎಚ್‌.ಟಿ. ತಿರುಗಿದರು. "ಮಾಸ್ಟರ್, ನೀವು ಓದ್ತೀರಾ? ಮತ್ತೆ ಇಲ್ಯಾಕೆ ಓದಲ್ಲ?"

"ನಾಲ್ಕು ಜನ ಮಾತಾಡ್ತಾ ಕೂತಿರುವಾಗ ಒಬ್ನೇ ಮೂಲೇಲಿ ಪುಸ್ತಕ ಹಿಡಿದ್ರೆ ದೊಡ್ಡಸ್ತಿಕೆ ಅಂತಾರೆ ಸಾರ್. ಮರ್ಯಾದೆ ಅಲ್ಲ."

ಮೌನವಾಗಿ ಓದಿ ಎಂದು ಗೋಡೆಗೆ ಅಂಟಿಸಿದವಳು ನಾನು. ನಾಚಿಕೆಯಾಯಿತು. ಎದ್ದು ಬೀರು ತೆಗೆದೆ.

ಅಲ್ಲೇ ಚಾಪೆಯ ಮೇಲೆ ಕೂತು ಓದಿದರು ಸೆವನಾಯಾ. ಏನು ಓದು ಅದು! ಪೊಲೀಸಿನವನಿಗೊಂದು ದನಿ, ವಿಧವೆಗೊಂದು ದನಿ. ರೊಶ್ನಿ ಬಾಯಿ ಮುಚ್ಚಿಕೊಂಡು ಕೂತಿದ್ದಳು, ಅದೇ ಒಂದು ಪವಾಡ. ಗಂಟೆ ಹೊಡೆಯುವ ಹೊತ್ತು ಮೀರಿತು. ನೆನಪಿಸಿದೆ. "ಸುಮ್ನಿರಿ ಮೇಡಂ" ಎಂದರು ಎಚ್‌.ಟಿ., ಚಾಪೆಯ ಮೇಲಿಂದಲೇ.

ಜುಲೈ 29, ಸೋಮವಾರ

ಪೀರಿಯಡ್ ಉಳಿಯಿತು. ಇವತ್ತು ಎರಡನೇ ಕ್ಲಾಸಿಗೆ ಸೆವನಾಯಾ ಮಾಸ್ಟರ್ ಗಟ್ಟಿಯಾಗಿ ಓದಿದರು. ಮಕ್ಕಳು ಅವರ ಮೊಣಕಾಲಿಗೆ ಅಂಟಿಕೊಂಡೇ ಕೂತಿದ್ದವು. ಕಣ್ಣು ತುಂಬಿ ಬಂತು.

ಬೂಬೂ ಊರಿಗೆ ಇನ್ನೊಂದು ಪುಸ್ತಕ ಕಳಿಸೋಣವೆಂದು ಸ್ಟಾಫ್ ರೂಮಿಗೆ ಹೋದೆ. ಪೆಟ್ಟಿಗೆ ಖಾಲಿ. ಪೂರ್ತಿ ಖಾಲಿ! ರಗ್ಬಿಯದೂ ಇಲ್ಲ.

"ನನ್ ನಾದಿನಿ ಕೇಳಿದ್ಲು ಮೇಡಂ..." ರೊಶ್ನಿ ಶುರು ಮಾಡಿದಳು. ಉಳಿದವರು ಕಿಟಕಿಯ ಆಚೆ ನೋಡುತ್ತಿದ್ದರು. ಬೈಯಲು ಬಾಯಿ ತೆರೆದೆ. ಎಚ್‌.ಟಿ. ಒಳಗೆ ಬಂದು ಪೆಟ್ಟಿಗೆಯಲ್ಲಿ ಇಣುಕಿ, ಮುಖ ಸಣ್ಣ ಮಾಡಿಕೊಂಡು, "ನನಗೊಂದೂ ಉಳಿಸಿಲ್ವಾ?" ಎಂದರು.

ಇವರನ್ನೆಲ್ಲ ಏನು ಮಾಡಲಿ? ಬೈಯುವುದಾದರೂ ಹೇಗೆ? ವರ್ಷವಿಡೀ ಈ ಪೆಟ್ಟಿಗೆ ಖಾಲಿಯಾಗಲಿ ಅಂತಲೇ ತಾನೇ ನಾನು ಬಡಿದಾಡಿದ್ದು!