ತೊಟ್ಟಿಲಿಗೆ ಬಾವುಟ

14 ಜೂನ್ 1999, ಸೋಮವಾರ. ರಾತ್ರಿ 2.40

ಟ್ರಂಕಿನ ಚಿಲಕ ಎಳೆದ ಸದ್ದಿಗೆ ಎಚ್ಚರ. ಮಗುವಲ್ಲ, ಫೋನಲ್ಲ — ಮಾವ. ಹಾಲ್‌ನಲ್ಲಿ ಲೈಟ್ ಹಾಕಿಕೊಂಡು ಆ ಬಾವುಟ ಹರವಿ ಕೂತಿದ್ದರು. ಎಪ್ಪತ್ತೊಂದರ ಯುದ್ಧದಲ್ಲಿ ಪಾಕಿಸ್ತಾನದ ಠಾಣೆಯೊಂದರಿಂದ ಕಿತ್ತು ತಂದದ್ದು. ರೆಜಿಮೆಂಟಿಗೆ ಒಪ್ಪಿಸಬೇಕಿತ್ತಂತೆ. ಒಪ್ಪಿಸಲಿಲ್ಲ. ಇಪ್ಪತ್ತೆಂಟು ವರ್ಷದ ಡಾಂಬರು ಗುಳಿಗೆ ವಾಸನೆ. ಅಂಚಿನಲ್ಲಿ ಕಂದು ಕಲೆ. ಯಾರ ರಕ್ತ ಎಂದು ಇವತ್ತಿನವರೆಗೂ ಹೇಳಿಲ್ಲ.

ಭಾನುವಾರ ನಾಮಕರಣಕ್ಕೆ ತೊಟ್ಟಿಲಲ್ಲಿ ಅದನ್ನೇ ಹಾಸುವುದಂತೆ. ಅದರ ಮೇಲೆ ನನ್ನ ಮಗಳು. ಸವಳಂಗ ರಸ್ತೆಯ ಸ್ಟುಡಿಯೋದವನಿಗೆ ಹೇಳಿಯೂ ಆಗಿದೆ. ಫೋಟೋ ಪೇಪರಿಗೆ ಹೋಗಬೇಕು — ಕಾರ್ಗಿಲ್ ಯೋಧನ ಮಗು, ಶತ್ರುವಿನ ಧ್ವಜದ ಮೇಲೆ.

ಗಡಿಯಿಂದ ಇವರ ಫೋನ್ ಬಂದು ಹನ್ನೊಂದು ದಿನ. ಅದು ಯಾರಿಗೆ ಬೇಕು?

15 ಜೂನ್

ಅತ್ತೆ ಅಡುಗೆಮನೆಯಲ್ಲಿ ಪಿಸುಗುಟ್ಟಿದರು: “ತೊಟ್ಟಿಲಿಗೆ ಅಜ್ಜಿ ಹಳೇ ಸೀರೆ ಹಾಸ್ತಾರೆ ಕಣೆ. ಸತ್ತೋನ ಬಟ್ಟೆ ಯಾರಾದ್ರೂ ಹಾಸ್ತಾರಾ?”

ಹಾಗಾದರೆ ಮಾವನಿಗೆ ಹೇಳಿ ಎಂದೆ. ಒಗ್ಗರಣೆಗೆ ಎಣ್ಣೆ ಇಟ್ಟರು.

ನಾನೇ ಹೇಳಿದೆ. ಇವರ ಅಂಗಿಯನ್ನು ಗಡಿಯಾಚೆ ಯಾರೋ ತನ್ನ ಮೊಮ್ಮಗುವಿನ ಕೆಳಗೆ ಹಾಸಿದರೆ ನಿಮಗೆ ಹೇಗಾಗುತ್ತೆ ಎಂದೂ ಕೇಳಿದೆ. ಮಾವ ಪೇಪರಿನಿಂದ ಕಣ್ಣೆತ್ತಲಿಲ್ಲ.

“ಅಂಗಿ ಬಿಟ್ಟು ಓಡಿ ಬರೋಕೆ ಅವನೇನು ಹೇಡಿನೇನಮ್ಮಾ? ನನ್ನ ಮಗ ಅವನು.”

ಹಾಲಿನ ಪಾತ್ರೆ ಕುಕ್ಕಿದೆ. ಬಿ.ಎಸ್ಸಿ. ಓದಿದ್ದು ಪಾತ್ರೆ ಕುಕ್ಕುವುದಕ್ಕೆ.

18 ಜೂನ್

ಮಗುವನ್ನೆತ್ತಿಕೊಂಡು ಭದ್ರಾವತಿಗೆ ಹೋಗಿಬಿಟ್ಟೆ, ತವರಲ್ಲೇ ಉಳಿಯೋಣ ಅಂತ. ಶಿಫ್ಟ್ ಮುಗಿಸಿ ಬಂದ ಅಪ್ಪ ಟೀ ಕುಡಿದು, ನಮ್ಮನ್ನು ಸಂಜೆ ಬಸ್ಸಿಗೆ ಹತ್ತಿಸಿದರು. ಹೆಣ್ಣು ಕೊಟ್ಟವನು ಬೀಗರೆದುರು ಬಾಯಿ ಬಿಡಬಾರದಂತೆ. ಬೇಕಾದರೆ ಅಳಿಯಂದಿರಿಂದಲೇ ಹೇಳಿಸು ಎಂದರು. ಎಲ್ಲಿಂದ ಹೇಳಿಸಲಿ? ಅವರು ಫೋನ್ ಮಾಡಿದರೆ ಬರುವುದು ಗೋಪಾಳದ ಈ ಮನೆಗೆ. ಅದಕ್ಕೇ ಬಂದೆ. ಬೇರೆ ಯಾತಕ್ಕೂ ಅಲ್ಲ.

19 ಜೂನ್, ಶನಿವಾರ. ರಾತ್ರಿ 11.50

ಬಾವುಟಕ್ಕೆ ಇಸ್ತ್ರಿ ಆಗಿದೆ. ಕಲೆ ಫೋಟೋದಲ್ಲಿ ಕಾಣದ ಹಾಗೆ ಅಂಚು ಒಳಗೆ ಮಡಿಸಿದ್ದಾರೆ. ಮಗುವನ್ನು ಕೊಡುವುದಿಲ್ಲ ಎಂದೆ. ಕಿರುಚಿದೆ ಅನ್ನಿಸುತ್ತೆ.

“ಮಲ್ಲೇಶ ಫೋನ್ ಮಾಡಿ ಬೇಡ ಅನ್ಲಿ. ಬಿಟ್ಬಿಡ್ತೀನಿ,” ಎಂದರು ಮಾವ.

ಹೇಳಿ, ಫೋನ್ ಕಡೆ ನೋಡಿದರು. ತುಂಬಾ ಹೊತ್ತು. ನಾನೂ ನೋಡಿದೆ.

ರೀ, ಎಲ್ಲಿದ್ದೀರಿ? ಬೇಡ ಅಂತ ಹೇಳುವುದೂ ಬೇಡ. ಹಾಸಲಿ ಅನ್ನಿ ಬೇಕಾದರೆ, ನನ್ನನ್ನೇ ಬೈಯಿರಿ. ಬೆಳಗಾಗುವುದರೊಳಗೆ ಒಂದು ಸಲ ಫೋನ್ ಮಾಡಿ. ಒಂದೇ ರಿಂಗ್ ಸಾಕು, ನಾನು ಫೋನಿನ ಪಕ್ಕದಲ್ಲೇ ಕೂತಿರುತ್ತೇನೆ.