ಬಾಗಿಲಿಗೆ ಸೊಪ್ಪು

ಜನವರಿ 14, ಬುಧವಾರ

ಲ್ಯಾಬಲ್ಲಿ ಇವತ್ತೂ ಗಾಜಿನ ತಟ್ಟೆ ತೊಳೆದಿದ್ದೇ ಬಂತು. ಯೆಸೆನಿಯಾ ನನ್ನ ಲ್ಯಾಬ್ ಪಾರ್ಟ್ನರ್ — ಬಾಯಿ ಕೆಲಸ ಅವಳದು, ಕೈ ಕೆಲಸ ನಂದು.

ಗೋಡೆಗೆ ಹೊಸ ಪೋಸ್ಟರ್. ಯೂನಿವರ್ಸಿಟಿಯ ಮಣ್ಣಿನ ಲ್ಯಾಬಲ್ಲಿ ಬೇಸಿಗೆ ಇಂಟರ್ನ್‌ಶಿಪ್. ಕಮ್ಯುನಿಟಿ ಕಾಲೇಜಿನವರೂ ಅರ್ಜಿ ಹಾಕಬಹುದಂತೆ! ಬೇರಿಗೆ ಬೀಳೋ ಜಂತುಹುಳದ ಮೇಲೆ ರಿಸರ್ಚ್. ಅಮ್ಮನ ಹೊಲದ ಹಾಗಲ ಬಳ್ಳಿಗೆ ವರ್ಷವರ್ಷ ಗಂಟು ಕಟ್ಟಿಸೋದು ಅವೇ ಪಿಶಾಚಿಗಳು. ಯಾರಿಗೂ ಹೇಳಿಲ್ಲ, ಇಲ್ಲಿ ಹೇಳ್ತೀನಿ — ನನಗಿದು ಬೇಕು. ಬೇಕೇ ಬೇಕು.

ಪಾಠ ಮಾಡಿದವರೊಬ್ಬರ ಶಿಫಾರಸು ಪತ್ರ ಬೇಕು, 30ರೊಳಗೆ. ಬಯಾಲಜಿ ಹಗೋಪಿಯನ್ ಮೇಡಂ ಬಿಟ್ಟರೆ ಇನ್ಯಾರು? ಆದರೆ ಅವರು ಮೂರು ಕಾಲೇಜಲ್ಲಿ ಪಾಠ ಮಾಡೋರು. ಕ್ಲಾಸ್ ಮುಗೀತೋ, ಕಾರು ಹತ್ತಿ ಮಾಯ. ರೂಮಿನ ಬಾಗಿಲಿಗೆ ಚೀಟಿ ಅಂಟಿಸಿದಾರೆ — "ಆಫೀಸ್ ಅವರ್ಸ್, ಮಂಗಳವಾರ 2ರಿಂದ 4". ಸರಿ, ಆಗ ಆಫೀಸ್ ಕೆಲಸ ಇರುತ್ತೆ. ಹೋಗಿ ತಲೆ ತಿನ್ನಬಾರದು. ಇಮೇಲ್? ಛೆ, ಇಂಥದ್ದನ್ನ ಮುಖ ನೋಡಿ ಕೇಳಬೇಕು.

ಜನವರಿ 16

ಪಾರ್ಕಿಂಗಲ್ಲಿ ಕಾದೆ. ದಟ್ಟ ಮಂಜು. ಯಾವುದೋ ಬಿಳಿ ಕಾರಿಗೆ ಅಡ್ಡ ನಿಂತು "ಮೇಡಂ" ಅಂದೆ — ಒಳಗಿದ್ದವನು ಗಡ್ಡದವನು. ಮಾನ ಹೋಯ್ತು.

ಜನವರಿ 20, ಮಂಗಳವಾರ

ರೂಮಿನ ಹೊರಗೆ ನೆಲದ ಮೇಲೆ ಕೂತೆ, ಎರಡಕ್ಕೇ. ಮೇಡಂ ಕೆಲಸ ಮುಗಿಸಿ ಹೊರಗೆ ಬಂದಾಗ ಹಿಡಿಯೋಣ ಅಂತ. ಒಂದು ನರಪಿಳ್ಳೆಯೂ ಒಳಗೆ ಹೋಗಲಿಲ್ಲ. ಪಾಪ, ಎಷ್ಟು ಕೆಲಸವೋ! ನಾಲ್ಕಕ್ಕೆ ಬಾಗಿಲು ತೆಗೀತು. "ಹಾಯ್ ಗಾವ್ನೂ! ಓಡಬೇಕು ಕಣಮ್ಮ, ಇನ್ನೊಂದು ಕ್ಲಾಸಿದೆ" — ಹೋಗೇಬಿಟ್ಟರು.

ಜನವರಿ 24, ಶನಿವಾರ

ಸಂತೆ. ಅಮ್ಮ, ಅಜ್ಜಿ, ನಾನು, ನಿಂಬೆಹುಲ್ಲಿನ ಕಟ್ಟುಗಳು. ಅಜ್ಜಿಗೆ ಎಲ್ಲ ಹೇಳಿಬಿಟ್ಟೆ.

"ಬಾಗಿಲಿಗೆ ಚೀಟಿ ಹಾಕಿದಾಳಾ? ಹಾಗಾದ್ರೆ ಹೋಗಲೇಬಾರದು" ಅಂದ್ಲು. "ಊರಲ್ಲಿ ನಮ್ಮ ಹ್ಮಾಂಗ್ ಜನ ಮಗು ಹುಟ್ಟಿದಾಗ ಬಾಗಿಲಿಗೆ ಸೊಪ್ಪು ಸಿಗಿಸಲ್ವಾ? ಹಸಿರು ಕಂಡ ಮೇಲೂ ಹೊಸಿಲು ದಾಟೋನು ಹ್ಮಾಂಗ್ ಮನುಷ್ಯನೇ ಅಲ್ಲ."

"ಅದಕ್ಕೇ ಅಲ್ವಾ ಅಜ್ಜಿ ಹೊರಗೆ ಕೂತಿರೋದು!"

"ಒಳ್ಳೇ ಕೆಲಸ ಮಾಡಿದೆ. ಕೂತಿರು."

ಅಮ್ಮ ಹುಲ್ಲಿನ ಕಟ್ಟು ಕಟ್ತಾನೇ ಇದ್ದಳು. ಬೇಸಿಗೆ ಅಂದ್ರೆ ಹಾಗಲದ ಕಾಲ, ನಾನಿಲ್ಲದಿದ್ರೆ ಅವಳಿಗೆ ಎರಡರಷ್ಟು ಕೆಲಸ. ಸಂಜೆ ಗಾಡಿಗೆ ಸಾಮಾನು ತುಂಬ್ತಾ ಒಂದೇ ಮಾತು — "ಆ ಗಂಟಿಗೆ ಔಷಧಿ ಕಲ್ತು ಬಾ." ಕಣ್ಣಲ್ಲಿ ನೀರು ಬಂತು. ಪತ್ರಕ್ಕೇ ಗತಿಯಿಲ್ಲ, ಇವಳಾಗಲೇ ಕಳಿಸಿಕೊಡ್ತಿದಾಳೆ.

ಜನವರಿ 27, ಮಂಗಳವಾರ

ಮತ್ತೆ ಅದೇ ನೆಲ. ಮೂರುವರೆ ಆಗಿತ್ತು, ಯೆಸೆನಿಯಾ ಚಿಪ್ಸ್ ತಿಂತಾ ಬಂದಳು.

"ಇಲ್ಲೇನೇ ಬೆಕ್ಕಿನ ಹಾಗೆ ಕೂತಿದೀಯ?"

"ಆಫೀಸ್ ಅವರ್ಸ್ ಮುಗೀಲಿ ಅಂತ."

ನಗು ಅಂದ್ರೆ ನಗು. ಚಿಪ್ಸ್ ನೆತ್ತಿಗೇರಿ ಕೆಮ್ಮು. "ಅಯ್ಯೋ ಪೆದ್ದೀ! ಆಫೀಸ್ ಅವರ್ಸ್ ಅಂದ್ರೆ ನಾವು ಹೋಗಲಿ ಅಂತ ಅವರು ಕಾದು ಕೂರೋ ಹೊತ್ತು ಕಣೇ!"

ಎರಡು ವರ್ಷ. ಎರಡು ವರ್ಷದಿಂದ ಈ ಕಾಲೇಜಲ್ಲಿದೀನಿ, ಒಬ್ಬರೂ ಹೇಳಿರಲಿಲ್ಲ. ಕಿವಿಯೆಲ್ಲ ಬಿಸಿ. ಅವಳೇ ಬಾಗಿಲು ಬಡಿದು, ನನ್ನ ಒಳಗೆ ತಳ್ಳಿ, ಓಡಿಹೋದಳು.

ಮೇಡಂ ಎದುರಿಗೆ ಖಾಲಿ ಕುರ್ಚಿ. "ಬಾ ಬಾ. ಹೋದ ವಾರವೂ ಬಾಗಿಲ ಕೆಳಗಿನ ಸಂದೀಲಿ ನಿನ್ನ ಹಸಿರು ಶೂ ಕಾಣ್ತಿತ್ತು. ಯಾರಿಗೋ ಕಾಯ್ತಿದಾಳೆ ಅಂದ್ಕೊಂಡೆ."

"ನಿಮಗೇ ಮೇಡಂ."

ಸೊಪ್ಪಿನ ಕಥೆ ಹೇಳಿದೆ. ನಗಲಿಲ್ಲ ಅವರು. ತೆರೆದ ಬಾಗಿಲ ಮೇಲಿನ ಚೀಟಿ ಕಡೆ ನೋಡಿದರು. "ಅದಕ್ಕೇನಾ ಯಾರೂ ಬರದೇ ಇರೋದು..."

ಪತ್ರ ಕೇಳಿದೆ. "ಬರೀತೀನಿ. ಏನಂತ ಬರೀಲಿ? ಕ್ಲಾಸಲ್ಲಿ ನೀನು ತುಟಿ ಬಿಚ್ಚಿದ್ದೇ ಕಂಡಿಲ್ಲ." ಆಗ ಶುರುವಾಯ್ತು ನೋಡು. ಹಾಗಲದ ಬೇರು, ಗಂಟು, ಚೆಂಡುಹೂ ನೆಟ್ಟ ಸಾಲಲ್ಲಿ ಗಂಟು ಕಮ್ಮಿಯಾಗಿದ್ದು, ಯಾಕೆ ಅಂತ ನನಗೆ ಗೊತ್ತಿಲ್ಲದ್ದು — ಎಲ್ಲ. ಮೇಡಂ ಬರ್ಕೊಂಡೇ ಬರ್ಕೊಂಡ್ರು. ನಾಲ್ಕು ದಾಟಿದರೂ ಏಳಲಿಲ್ಲ. ಆ ಇನ್ನೊಂದು ಕ್ಲಾಸಿಗೆ ತಡವಾಗಿರಬೇಕು.

ಜನವರಿ 30

ಪತ್ರ ಹೋಯ್ತು. ಅರ್ಜಿ ಹೋಯ್ತು.

ಏಪ್ರಿಲ್ 14, ಮಂಗಳವಾರ, ಮಧ್ಯಾಹ್ನ

ಸಿಕ್ತು!! ಬೆಳಿಗ್ಗೆ ಇಮೇಲ್ ಬಂತು. ಅಮ್ಮ ಮೂರು ಸಲ ಓದಿಸಿದಳು, ಇಂಗ್ಲಿಷ್ ಅರ್ಥ ಆಗದಿದ್ರೂ. "ಅಷ್ಟು ದಿನ ಹೊರಗೆ ಕೂತಿದ್ದಕ್ಕೇ ಸಿಕ್ಕಿದ್ದು" ಅಂತ ಅಜ್ಜಿ. ಅವಳ ಹತ್ರ ವಾದ ಬೇಡ.

ಈಗ ಮೇಡಂ ರೂಮಲ್ಲೇ ಕೂತು ಬರೀತಿದೀನಿ. ಹೇಳಿ ಕುಣಿದಾಯ್ತು; ಅವರು ಫೋನಲ್ಲಿದಾರೆ. ಬಾಗಿಲಿಗೆ ಹೊಸ ಚೀಟಿ ಹಾಕಿದಾರೆ, "ಒಳಗೆ ಬನ್ನಿ" ಅಂತ. ಆದರೂ ಯಾರೂ...

ಅರೆ. ಬಾಗಿಲ ಸಂದೀಲಿ ಒಂದು ಜೊತೆ ಶೂ. ನಾನು ಬಂದಾಗ ಇರಲಿಲ್ಲ. ಅಲ್ಲಾಡ್ತಿಲ್ಲ. ಮುಂದೆ ಒಂದು ಹೆಜ್ಜೆ ಬಂತು, ಮತ್ತೆ ಹಿಂದಕ್ಕೆ ಹೋಯ್ತು.

ತಡಿ, ಬಾಗಿಲು ತೆಗೆದು ಒಳಗೆ ಕರೀತೀನಿ.