ಹಿಂದೆ ಬಂದ ಹಾರ್ನ್

ನವೆಂಬರ್ 11, ಸೋಮವಾರ

ಜಮಖಂಡಿಯಿಂದ ಮುಧೋಳದ ಆಫೀಸಿಗೆ ಇವತ್ತು ಐವತ್ತು ನಿಮಿಷ. ಕಬ್ಬಿನ ಸೀಸನ್ ಶುರು. ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಕಟ್ಟಿಕೊಂಡು, ರಸ್ತೆ ತಮ್ಮಪ್ಪನ ಮನೆ ಅಂಗಳ ಅನ್ನುವ ಹಾಗೆ ಹೋಗುತ್ತಾರೆ. ನನ್ನ ಸೀಟಿನಿಂದ ಕಾಣುವುದು ಚಕ್ರ ಮಾತ್ರ. ಹನ್ನೆರಡು ವರ್ಷ ಬಸ್ಸಿನಲ್ಲಿ ಓಡಾಡಿದೆ, ಕಿಟಕಿಯಿಂದ ಹೊಲ ಕಾಣುತ್ತಿತ್ತು. ಈಗ ನಾಯಿಗಳ ಮುಖ ಕಾಣುತ್ತದೆ. ಮುಧೋಳದ ನಾಯಿ ಎದ್ದು ನಿಂತರೆ ನನಗಿಂತ ಎತ್ತರ.

ಕ್ಲಚ್ ಬಿಗಿ, ಸಂಜೆಗೆ ಎಡಗಾಲು ಸೋಲುತ್ತದೆ. ಡಿಕ್ಕಿಯಲ್ಲಿ ಊಟದ ಡಬ್ಬಿ, ಸರ್ವೇ ನಕ್ಷೆಗಳು, ಒಂದು ಛತ್ರಿ — ಅಷ್ಟಕ್ಕೇ ಭರ್ತಿ. ಬಟ್ಟೆಯ ಟಾಪು ಮಳೆಗೆ ಸೋರುತ್ತದೆ, ಅದಕ್ಕೇ ಛತ್ರಿ. ಆದರೂ ಬೆಳಿಗ್ಗೆ ಕೀಲಿ ತಿರುಗಿಸಿದಾಗ ಖುಷಿ, ಸುಳ್ಳು ಯಾಕೆ ಬರೆಯಲಿ. ಕೊಲ್ಹಾಪುರದ ಡಾಕ್ಟರೊಬ್ಬರಿಂದ ತಂದ ಹಳೇ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಕೆಂಪು ಬಣ್ಣ. ನಲವತ್ತೊಂದು ವರ್ಷದಲ್ಲಿ ಯಾರನ್ನೂ ಕೇಳದೆ ನಾನು ತಂದ ಒಂದೇ ವಸ್ತು. ಇವರು ನಕ್ಕು ಸುಮ್ಮನಾದರು. ಅತ್ತೆ ಒಮ್ಮೆ ಕೂತು ನೋಡಿದರು, ಎಬ್ಬಿಸಲಿಕ್ಕೆ ಇಬ್ಬರು ಬೇಕಾಯಿತು. "ಇದು ಗಾಡಿ ಅಲ್ಲ ಬೇ, ತೊಟ್ಟಲ" ಅಂದರು.

ತೊಂದರೆ ಬೈಕಿನವರದು. ಸರ್ವೇ ಆಫೀಸಿನ ಹೆಂಗಸು, ಟಾಪು ತೆಗೆದ ಗಾಡಿ — ಪುಕ್ಕಟೆ ಸಿನಿಮಾ ಅವರಿಗೆ. ಹಿಂದೆ ಬೀಳುತ್ತಾರೆ. ಹಾರ್ನ್. ಪಕ್ಕಕ್ಕೆ ಬಂದು ಬಗ್ಗಿ ನೋಡುತ್ತಾರೆ, ಹಲ್ಲು ಕಿಸಿಯುತ್ತಾರೆ. ನನ್ನ ಉಪಾಯ ಒಂದೇ. ಮುಖ ತಿರುಗಿಸದೆ ಬಲಗೈ ಹೊರಗೆ ಚಾಚಿ — ಹೋಗಪ್ಪಾ ಮುಂದೆ. ಈ ಕಡೆ ಮುಂದಿನವರು ಹಾಗೆ ಕೈ ಮಾಡಿದರೆ ಎದುರು ರಸ್ತೆ ಖಾಲಿ ಎಂದು ಅರ್ಥ. ಲಾರಿಯವರೂ ಆ ಕೈಯನ್ನು ನಂಬುತ್ತಾರೆ. ಇವತ್ತು ನಾಲ್ಕು ಜನರನ್ನು ಹಾಗೇ ಕಳಿಸಿದೆ.

ನವೆಂಬರ್ 19, ಮಂಗಳವಾರ

ಅನಗವಾಡಿ ಕಡೆ ಹೊಲ ಅಳೆಯುವ ಕೆಲಸ. ಬೀಳಗಿ ಆಫೀಸಿನಲ್ಲಿ ಜನ ಕಡಿಮೆ ಅಂತ ನಮ್ಮನ್ನು ಎರಡು ದಿನ ಕಳಿಸಿದ್ದಾರೆ. ಹೊಲದ ದಾರಿಗೆ ಇಳಿದರೆ ಗಾಡಿಯ ಹೊಟ್ಟೆ ಉಜ್ಜುತ್ತದೆ. ಡಾಂಬರಿನ ಮೇಲೇ ಬಿಟ್ಟು ಒಂದು ಮೈಲಿ ನಡೆದೆ. ಅಳತೆಯ ಚೈನು ಹಿಡಿಯುವ ನಮ್ಮ ಚನಮಲ್ಲಪ್ಪ ಊರವರಿಗೆಲ್ಲ ಗಾಡಿಯ ಪುರಾಣ ಹೇಳಿದ. ಅವನ ಬಾಯಿಗೆ ಬಿದ್ದದ್ದು ಸಂಜೆಯೊಳಗೆ ಮೂರು ತಾಲ್ಲೂಕು ಮುಟ್ಟುತ್ತದೆ. ವಾಪಸು ಬಂದಾಗ ಗಾಡಿಯ ಸುತ್ತ ಹತ್ತು ಜನ. ಒಬ್ಬ ಮುದುಕ, ಇದರಾಗ ಮಲಕೊಂಡ ಹೊಡೀತೀರೇನ್ರಿ ಅಂತ ಕೇಳಿದ. ಹೌದು ಅಂದೆ.

ನವೆಂಬರ್ 28, ಗುರುವಾರ

ನಾಳೆ ಅರ್ಧ ದಿನ ರಜೆ ಹಾಕಿ ಲೋಕಾಪುರದಲ್ಲಿ ಗೃಹಪ್ರವೇಶದ ಊಟ. ಅತ್ತೆ ತಮ್ಮ ಇಳಕಲ್ ಸೀರೆ ಕೊಟ್ಟಿದ್ದಾರೆ, ಕೆಂಪು ರೇಷ್ಮೆ ಸೆರಗಿನದು. ಈ ಗಾಡಿಗೆ ಚೂಡಿದಾರವೇ ಸರಿ. ಸೀರೆ ಉಟ್ಟು ಕೂರುವುದೆಂದರೆ ಚೀಲದಲ್ಲಿ ಚೀಲ ತುರುಕಿದ ಹಾಗೆ. ಬೇಡ ಅಂದರೆ ಅತ್ತೆಗೆ ಬೇಜಾರು... ಉಡುತ್ತೇನೆ.

ಡಿಸೆಂಬರ್ 7, ಶನಿವಾರ

ಎಂಟು ದಿನ ಬರೆದಿಲ್ಲ. ಪೆನ್ನು ಹಿಡಿದರೆ ಕೈ ಕಡೆಗೇ ಕಣ್ಣು ಹೋಗುತ್ತಿತ್ತು.

ಹೋದ ವಾರದ ಶುಕ್ರವಾರ. ಲೋಕಾಪುರದಿಂದ ಮನೆಗೆ ಬರುತ್ತಿದ್ದೆ. ಮುಧೋಳ ದಾಟಿ, ಕೆನಾಲ್ ದಾಟಿದ ಮೇಲೆ ಒಂದು ಬೈಕು ಹಿಂದೆ ಬಿತ್ತು. ಐದೂವರೆ, ಬೆಳಕು ಚೆನ್ನಾಗಿತ್ತು. ಹಾರ್ನ್ ಮೇಲೆ ಹಾರ್ನ್. ಕನ್ನಡಿಯಲ್ಲಿ ಹೆಡ್‌ಲೈಟು, ಅಂಗಿಯ ಗುಂಡಿ, ಅಷ್ಟೇ. ಶುರುವಾಯಿತಪ್ಪ ಅಂದುಕೊಂಡೆ. ನನ್ನ ಮುಂದೆ ಕಬ್ಬಿನ ಎರಡು ಟ್ರೇಲರ್. ಅದರಾಚೆ ಏನಿದೆ ಅಂತ ನನಗೆ ಕಾಣುತ್ತಿರಲಿಲ್ಲ. ಕಾಣದೆ ಕೈ ಮಾಡಿದೆ.

ಅವನು ನನ್ನನ್ನು ದಾಟಿದ, ಕಬ್ಬನ್ನೂ ದಾಟಲಿಕ್ಕೆ ಹೋದ. ಎದುರಿಗೆ ಲಾರಿ.

ಹೆಸರು ಮುತ್ತಪ್ಪ. ಮೂವತ್ತನಾಲ್ಕು ವರ್ಷ. ರಬಕವಿಯವನು, ಮಗ್ಗದ ಕೆಲಸ. ಪೇಪರಿನಲ್ಲಿ ಬಂದಿತ್ತು. ಸ್ಥಳದಲ್ಲೇ ಹೋದ.

ಪೊಲೀಸರು ಕೇಳಿದರು. ಹಿಂದೆ ಬಿದ್ದಿದ್ದ, ಎರಡು ಕಿಲೋಮೀಟರ್ ಹಾರ್ನ್ ಹೊಡೆಯುತ್ತ ಬಂದ, ತಾನೇ ನುಗ್ಗಿದ ಅಂದೆ. ಬರೆದುಕೊಂಡರು, ಸಹಿ ಮಾಡಿದೆ. ಲಾರಿಯವನದು ತಪ್ಪಿಲ್ಲ, ಬೈಕಿನವನದೇ ಅವಸರ ಅಂತಾಯಿತು. ಕೈ ಮಾಡಿದ್ದನ್ನು ನಾನು ಹೇಳಲಿಲ್ಲ. ಅವರು ಕೇಳಲೂ ಇಲ್ಲ.

ಅವನ ಮುಖ ನೋಡಲಿಲ್ಲ ನಾನು. ಒಂದು ಮಾತೂ ಆಗಲಿಲ್ಲ. ಅಷ್ಟೇ ನಡೆದದ್ದು.

ಡಿಸೆಂಬರ್ 12, ಗುರುವಾರ

ಸ್ವಲ್ಪ ದಿನ ಬಸ್ಸಿಗೆ ಹೋಗು ಅಂತ ಇವರು. ಬೇಡ ಅಂದೆ. ಗಾಡಿ ಬಿಟ್ಟರೆ ತಪ್ಪು ಒಪ್ಪಿಕೊಂಡ ಹಾಗೆ ಕಾಣುತ್ತದೆ, ಅದಕ್ಕೆ. ಟಾಪು ಹಾಕಿಕೊಂಡೇ ಹೋಗುತ್ತೇನೆ ಈಗ.

ಕೆನಾಲ್ ಬಂತೆಂದರೆ ಹಿಂದೆ ಬೈಕು. ಹಾರ್ನ್ — ಚಿಕ್ಕದು, ಚಿಕ್ಕದು, ಉದ್ದ. ನಿಧಾನ ಮಾಡಿದೆ. ಅದೂ ನಿಧಾನವಾಯಿತು. ಗಾಡಿ ನಿಲ್ಲಿಸಿ ಇಳಿದು ನೋಡಿದರೆ ರಸ್ತೆ ಖಾಲಿ. ಕಬ್ಬು ಕಡಿಯುವವರು ನನ್ನನ್ನೇ ನೋಡುತ್ತಿದ್ದರು. ಮೂರು ದಿನದಿಂದ ಹೀಗೇ. ದೆವ್ವ ಭೂತ ನಂಬುವವಳಲ್ಲ ನಾನು. ನಂಬಿದ್ದರೆ ಎಷ್ಟೋ ಸುಲಭವಿತ್ತು, ನಿಂಬೆಹಣ್ಣು ಕಟ್ಟಿ ಸುಮ್ಮನಾಗಬಹುದಿತ್ತು.

ಆಫೀಸಿನ ಚಹಾದ ಅಂಗಡಿಯಲ್ಲಿ ಚನಮಲ್ಲಪ್ಪ ಹೇಳುತ್ತಿದ್ದ. ನಮ್ಮ ಮೇಡಂ ಗಾಡಿಯ ಬೆನ್ನು ಹತ್ತಿ ಸತ್ತನಂತೆ, ಹೆಂಗಸರ ಹಿಂದೆ ಬಿದ್ದರೆ ಇದೇ ಗತಿಯಂತೆ. ಎಲ್ಲರೂ ನನ್ನ ಕಡೆ ತಿರುಗಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಬಲಗೈಯನ್ನು ದುಪಟ್ಟಾದೊಳಗೆ ಮುಚ್ಚಿಕೊಂಡೆ. ಹಾಗಲ್ಲ ಅಂತ ಅನ್ನಬಹುದಿತ್ತು. ಅನ್ನಲಿಲ್ಲ. ನಿಜ ಹೇಳಬೇಕೆಂದರೆ, ಒಳಗೆ ಎಲ್ಲೋ ಸ್ವಲ್ಪ ಹಗುರವೇ ಆಯಿತು.

ಡಿಸೆಂಬರ್ 21, ಶನಿವಾರ

ಆವತ್ತು ರಾತ್ರಿ ನಾನು ನೋಡದೆ ಕಳಚಿ ಹಾಕಿದ್ದ ಇಳಕಲ್ ಸೀರೆಯನ್ನು, ಸಾವು ಕಂಡ ಸೀರೆ ಅಂತ ಅತ್ತೆ ಗಂಟು ಕಟ್ಟಿ ಹಿತ್ತಲಲ್ಲಿ ಇಟ್ಟಿದ್ದರು. ಇವತ್ತು ತೊಳೆಯಲಿಕ್ಕೆ ಬಿಚ್ಚಿದರು. ನನ್ನನ್ನು ಕರೆದರು.

ಸೆರಗಿನ ತುದಿ ಒಂದು ಗೇಣು ಇಲ್ಲ. ಉಳಿದದ್ದು ದಾರ ದಾರ. ಡಾಂಬರಿನ ಕರಿ, ಗ್ರೀಸು. ಮೇಲೆ ಒಂದು ಕಡೆ ಬಾಗಿಲಿಗೆ ಸಿಕ್ಕು ಒತ್ತಿದ ಗೆರೆ.

ಅತ್ತೆ ಬಹಳ ಹೊತ್ತು ಹಿಡಿದು ನೋಡಿದರು. ಆಮೇಲೆ ಅಂದರು, "ಬಾಗಲದಾಗ ಸಿಕ್ಕ ರಸ್ತಾದ ಮ್ಯಾಲ ಎಳದಾಡೇತಿ. ಗಾಲಿಗೆ ಸುತ್ತಿದ್ರ ನಿನ್ನ ಕುತ್ತಿಗಿಗೇ ಬರ್ತಿತ್ತು. ಅದನ್ನ ಹೇಳಾಕ ಬಂದಾನಲ್ಲ ಅಂವ."

ಎರಡು ಕಿಲೋಮೀಟರ್ ಹಾರ್ನ್ ಹೊಡೆದದ್ದು ಅದಕ್ಕೆ. ನನ್ನನ್ನು ನೋಡಲಿಕ್ಕಲ್ಲ. ಉಳಿಸಲಿಕ್ಕೆ.

ಡಿಸೆಂಬರ್ 22

ಊಟ ಸೇರಲಿಲ್ಲ.

ಡಿಸೆಂಬರ್ 30, ಸೋಮವಾರ

ಇವತ್ತು ಮಧ್ಯಾಹ್ನ ಅವನ ಹೆಂಡತಿ ಆಫೀಸಿಗೆ ಬಂದಿದ್ದಳು. ಮಾದೇವಿ ಅಂತ. ಮೂವತ್ತರ ಒಳಗೇ. ಎರಡು ಬಸ್ಸು ಬದಲಿಸಿ ಒಬ್ಬಳೇ ಬಂದಿದ್ದಾಳೆ. ಚನಮಲ್ಲಪ್ಪನನ್ನು ಚಹಾ ತರಲು ಅಟ್ಟಿ ಬಾಗಿಲು ಹಾಕಿದೆ.

ಆವತ್ತು ಅವಳು ಜಮಖಂಡಿಯ ತವರಿನಲ್ಲಿದ್ದಳಂತೆ. ಗಂಡ ಲೋಕಾಪುರದಲ್ಲಿ ಮಗ್ಗದ ಸಾಮಾನು ಮುಟ್ಟಿಸಿ, ಬರುವ ದಾರಿಯಲ್ಲಿ ಅವಳನ್ನು ಕರೆದುಕೊಂಡು ರಬಕವಿಗೆ ಹೋಗುವುದಿತ್ತು. ಚೀಲ ಕಟ್ಟಿಕೊಂಡು ಬಾಗಿಲಲ್ಲೇ ಕೂತಿದ್ದಳಂತೆ. ಹೇಳುವಾಗ ಅಳಲಿಲ್ಲ. ಅಳುವುದಕ್ಕೆ ಬಂದವಳಲ್ಲ, ಕೇಳುವುದಕ್ಕೆ ಬಂದವಳು.

"ಬಾಯಾರ, ನಮ್ಮ ಮನಿಯವ್ರು ನಿಮ್ಮ ಬೆನ್ನ ಹತ್ತಿದ್ರಂತ ಓಣಿ ತುಂಬ ಅಂತಾರ್ರಿ. ನಮ್ಮತ್ತಿ ಅವ್ರ ಫೋಟೋ ಗ್ವಾಡಿಗೆ ಹಾಕಾಕ ಒಲ್ಲೆ ಅಂತಾಳ. ಹೆತ್ತಾಕಿನ ಹಂಗಂದ್ರ ನಾ ಏನ್ ಮಾಡ್ಲಿ? ಖರೆ ಇದ್ರ ಖರೆ ಅಂತ ಹೇಳ್ರಿ, ನಾ ತಡಕೋತೇನಿ."

ಹೇಳಬೇಕಿತ್ತು. ಬಾಯಿವರೆಗೆ ಬಂತು. ಅವಸರದಲ್ಲಿ ನನಗೇನೂ ಸರಿಯಾಗಿ ಕಾಣಲಿಲ್ಲವ್ವ ಅಂದೆ. ಅವಳು ತಲೆ ಅಲ್ಲಾಡಿಸಿದಳು. ಚಹಾ ಅರ್ಧ ಕುಡಿದು, ಬಸ್ಸಿಗೆ ಹೊತ್ತಾಯಿತು ಅಂತ ಎದ್ದಳು. ಹೇಡಿ ನಾನು. ಎರಡು ಬಸ್ಸು ಬದಲಿಸಿ ಬಂದವಳನ್ನು ಸುಳ್ಳು ಹೇಳಿ ಕಳಿಸಿದೆ.

ಸಂಜೆ ಕೆನಾಲ್ ಹತ್ತಿರ ಹಾರ್ನ್ ಬರಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು. ಕಿವಿ ಕೊಟ್ಟುಕೊಂಡು ಮನೆವರೆಗೂ ಬಂದೆ.

ಜನವರಿ 3, ಶುಕ್ರವಾರ

ಇವರಿಗೆ ಎಲ್ಲ ಹೇಳಿದೆ. ಕೈ ಮಾಡಿದ್ದನ್ನೂ. ಸಹಿ ಮಾಡಿದ ಮಾತು ತಿರುಗಿಸಿದರೆ ನಿನ್ನ ಮೇಲೇ ಬರುತ್ತದೆ, ಸರ್ಕಾರಿ ನೌಕರಿ, ಸತ್ತವನೇನು ಎದ್ದು ಬರುತ್ತಾನೆಯೇ ಅಂದರು. ಕೆಟ್ಟವರಲ್ಲ ಇವರು. ಹೆದರಿದ್ದಾರೆ, ನನ್ನ ಹಾಗೇ.

ಅತ್ತೆ ಬತ್ತಿ ಹೊಸೆಯುತ್ತ ಕೂತಿದ್ದರು. ತಲೆ ಎತ್ತದೆ ಅಂದರು, "ಸತ್ತಾಂವ ಬರಾಂಗಿಲ್ಲ, ಖರೆ. ಆದ್ರ ಅಕಿ ಇನ್ನೂ ಆ ಓಣ್ಯಾಗ ಬದಕಬೇಕಲ್ಲೋ ತಮ್ಮಾ."

ಇವರು ಎದ್ದು ಹೊರಗೆ ಹೋದರು.

ಜನವರಿ 8

ಮಹಾಲಿಂಗಪುರದ ಮೇಲೆ ಸುತ್ತಿ ಬಂದೆ, ಕೆನಾಲ್ ರಸ್ತೆ ತಪ್ಪಿಸಲಿಕ್ಕೆ. ಅಲ್ಲೂ ಹಾರ್ನ್. ಇನ್ನು ಎಲ್ಲಿ ಸುತ್ತಲಿ... ಭಾನುವಾರ ರಬಕವಿಗೆ ಹೋಗುತ್ತೇನೆ. ಬರೆದಿಟ್ಟಿದ್ದೇನೆ, ತಪ್ಪಿಸುವ ಹಾಗಿಲ್ಲ.

ಜನವರಿ 12, ಭಾನುವಾರ, ಮಧ್ಯಾಹ್ನ ಮೂರು

ರಬಕವಿಯಿಂದ ಈಗ ಬಂದೆ.

ಅವರ ಓಣಿಗೆ ಗಾಡಿ ಹೋಯಿತು, ಅಷ್ಟು ಸಣ್ಣದು ಅದು. ಹೋಗಬಾರದಿತ್ತು ಅನ್ನಿಸಿತು. ಕೆಂಪು ಗಾಡಿ ಕಂಡಕೂಡಲೇ ಒಂದೊಂದೇ ಮನೆಯ ಮಗ್ಗ ನಿಂತಿತು. ಓಣಿ ಅಷ್ಟು ನಿಶ್ಶಬ್ದವಾದದ್ದು ಅಲ್ಲಿನವರೂ ಕಂಡಿರಲಿಕ್ಕಿಲ್ಲ. ಬಾಗಿಲುಗಳಲ್ಲೆಲ್ಲ ಜನ.

ಮಾದೇವಿ ಲಾಳಿಗೆ ಹಾಕುವ ಕಂಡಿಕಿಗೆ ನೂಲು ಸುತ್ತುತ್ತಿದ್ದಳು. ಅವಳ ಅತ್ತೆ ಕಟ್ಟೆಯ ಮೇಲೆ. ಒಳಗೆ ಬರ್ರಿ ಅಂದಳು ಮಾದೇವಿ. ಇಲ್ಲ, ಇಲ್ಲೇ ಎಲ್ಲರೂ ಕೇಳಲಿ ಅಂದೆ. ತಂದಿದ್ದ ಗಂಟು ಬಿಚ್ಚಿ ಆ ಸೀರೆಯ ಸೆರಗು ಹಾಸಿದೆ. ಹೇಳಿದೆ. ಬಾಗಿಲಿಗೆ ಸಿಕ್ಕದ್ದು, ಅವನು ಹಾರ್ನ್ ಹೊಡೆದದ್ದು ಅದಕ್ಕೆ ಅನ್ನುವುದು, ನಾನು ತಪ್ಪು ತಿಳಿದದ್ದು, ಎದುರು ಕಾಣದೆ ಕೈ ಮಾಡಿದ್ದು, ಪೊಲೀಸರಿಗೆ ಸುಳ್ಳು ಹೇಳಿದ್ದು. ನಿಂತೇ ಹೇಳಿದೆ.

ಮಾದೇವಿ ಆ ಹರಿದ ದಾರಗಳನ್ನು ಬೆರಳಿಂದ ಒಂದೊಂದಾಗಿ ಬಿಡಿಸಿದಳು. ನೇಯುವವರ ಮನೆಯ ಕೈ. "ಸೀರಿ ನೆಲಕ್ಕ ಬಿದ್ರ ಅವ್ರಿಗೆ ತಡೀತಿದ್ದಿಲ್ಲ" ಅಂದಳು, ಯಾರಿಗೂ ಅಲ್ಲ.

ಮುದುಕಿ ನನ್ನನ್ನೇ ನೋಡುತ್ತಿದ್ದಳು. "ನೀ ಕೈ ಮಾಡದಿದ್ರ ನನ್ನ ಮಗಾ ಮನಿಗೆ ಬರ್ತಿದ್ದ."

ಹೌದ್ರಿ ಅಂದೆ.

ಬೈಯುತ್ತಾಳೆ ಅಂದುಕೊಂಡೆ, ಬೈಯಲಿ ಅಂತಲೂ ಇತ್ತು. ಬೈಯಲಿಲ್ಲ. ಗೋಡೆ ಹಿಡಿದು ಎದ್ದಳು, ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿಂದ ಮೊಳೆ ಬಡಿಯುವ ಸದ್ದು ಬಂತು. ಮಾದೇವಿ ಅಲ್ಲೇ ಕುಸಿದು ಕೂತು ಅತ್ತಳು. ಓಣಿಯವರು ಒಬ್ಬೊಬ್ಬರೇ ಒಳಗೆ ಸರಿದರು.

ಹೊರಡುವಾಗ ಮಾದೇವಿ ಗಾಡಿವರೆಗೆ ಬಂದಳು. ಕಣ್ಣು ಒರೆಸಿಕೊಂಡು ಬಗ್ಗಿ ಕೇಳಿದಳು, "ಕಡೀಕ ಏನರ ಅಂದ್ರೇನ್ರಿ ಅವ್ರು? ಒಂದ ಮಾತರ?"

ಇಲ್ಲವ್ವ, ಏನೂ ಅನ್ನಲಿಲ್ಲ ಅಂದೆ.

ಜನವರಿ 13, ಸೋಮವಾರ, ಬೆಳಿಗ್ಗೆ ಏಳು

ಹನ್ನೊಂದಕ್ಕೆ ಠಾಣೆಗೆ. ಹೊಸ ಹೇಳಿಕೆ ಬರೆದುಕೊಡಬೇಕು. ಇವರೂ ಬರುತ್ತೇನೆ ಅಂದಿದ್ದಾರೆ, ರಜೆ ಹಾಕಿದ್ದಾರೆ. ಏನೇನು ಹೇಳಬೇಕು ಅಂತ ಒಂದು ಹಾಳೆಯಲ್ಲಿ ಗುರುತು ಮಾಡಿಕೊಂಡೆ. ಹಾರ್ನ್, ಸೆರಗು, ಕೈ. ಮೂರೇ ಅಂದುಕೊಂಡಿದ್ದೆ.

ಇನ್ನೊಂದಿದೆ. ಮಾದೇವಿಗೆ ಹೇಳಲಿಲ್ಲ. ಇವರಿಗೂ ಇಲ್ಲ. ಈ ಪುಸ್ತಕದಲ್ಲೂ ಸುಳ್ಳು ಬರೆದಿದ್ದೇನೆ. ಯಾರೂ ಓದದ ಪುಸ್ತಕಕ್ಕೆ ಸುಳ್ಳು ಹೇಳುವವಳು ನಾನೊಬ್ಬಳೇ ಇರಬೇಕು.

ಅವನು ಪಕ್ಕಕ್ಕೆ ಬಂದಿದ್ದ. ಟಾಪು ತೆಗೆದಿತ್ತು. ಮುಖ ನೋಡಿದೆ. ನಗುತ್ತಿರಲಿಲ್ಲ. ಗಾಬರಿಯಾಗಿದ್ದ. ಒಂದು ಕೈ ಬಿಟ್ಟು ನನ್ನ ಬಾಗಿಲ ಕೆಳಗೆ ತೋರಿಸುತ್ತಿದ್ದ. ಗಾಳಿ ಇತ್ತು, ಆದರೂ ಕೇಳಿಸಿತು. 'ಅಕ್ಕಾರ' ಅಂದ. ಹಿಂದೆ ಬೀಳುವವರು ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. ಇವನು ಅಂಥವನಲ್ಲ ಅಂತ ಆ ಕ್ಷಣವೇ ಗೊತ್ತಾಯಿತು. ಗೊತ್ತಾದರೂ ದಿನದ ರೂಢಿ, ದಿನದ ಸಿಟ್ಟು — ಕೈ ಆಗಲೇ ಎದ್ದಿತ್ತು. ಅವನು ಇನ್ನೊಮ್ಮೆ ಬಗ್ಗಿದ. ಇನ್ನೊಮ್ಮೆ ಕರೆದ. ನಾನು ಕೈ ಬೀಸಿದೆ, ಅವನ ಮಾತು ಮುಗಿಯಲಿಕ್ಕೆ ಬಿಡಲಿಲ್ಲ. ಅಂದದ್ದು ಇಷ್ಟು —

'ಅಕ್ಕಾರ, ನಿಮ್ಮ